ಮನೋಚಿಕಿತ್ಸೆಗೆ ಹೋಗುವ ಮುನ್ನ

ಕಾಲು ಉಳುಕಿದರೆ ಕುಂಟುತ್ತ ತರಗತಿಗೆ ಬರಲು ನಾವು ಯಾರೂ ನಾಚುವುದಿಲ್ಲ. ಜ್ವರ ಬಂದರೆ ರಜೆಯ ಅರ್ಜಿಯಲ್ಲಿ ಜ್ವರವೆಂದೇ ಬರೆಯುತ್ತೇವೆ. ಮನಸ್ಸು ಕೆಟ್ಟಾಗ ಮಾತ್ರ ಹೊಟ್ಟೆನೋವೆಂದು ಬರೆಯುತ್ತೇವೆ. ನಾನೂ ಹಾಗೆ ಬರೆದವನೇ. ಎರಡನೆಯ ವರ್ಷದಲ್ಲಿ ಸೆಮಿನಾರಿನಲ್ಲಿ ಪ್ರಬಂಧ ಓದಬೇಕಾಗಿದ್ದ ದಿನ ಎದೆ ಬಡಿದುಕೊಂಡು, ಅಂಗೈ ಬೆವೆತು, ಕೊಠಡಿಯ ಬಾಗಿಲಿನವರೆಗೆ ಹೋಗಿ ಹಿಂದಿರುಗಿದೆ. ಹೀಗೆ ಮೂರು ಬಾರಿ ಆಯಿತು. ಓದನ್ನೇ ಬಿಟ್ಟು ಊರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿದ್ದಾಗ ನಮ್ಮ ಅಧ್ಯಾಪಕರೊಬ್ಬರು ವಿಷಯ ತಿಳಿದು, ಜಿಲ್ಲಾ ಆಸ್ಪತ್ರೆಯ ಚಿಕಿತ್ಸಾ ಮನೋವಿಜ್ಞಾನಿಗಳನ್ನು ಒಮ್ಮೆ ಕಂಡುಬರುವಂತೆ ಹೇಳಿದರು. ಹೋಗಲು ನನಗೆ ಹದಿನೈದು ದಿನ ಬೇಕಾಯಿತು. ಅಲ್ಲಿ ಏನು ನಡೆಯುವುದೆಂದು ಮೊದಲೇ ತಿಳಿದಿದ್ದರೆ ಅಷ್ಟು ದಿನ ಬೇಕಾಗುತ್ತಿರಲಿಲ್ಲ. ಇದೇ ಈ ಲೇಖನವನ್ನು ಬರೆಯಲು ಕಾರಣ.

ಮೊದಲಿಗೆ ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಮನೋವೈದ್ಯರು ವೈದ್ಯಶಾಸ್ತ್ರವನ್ನು ಓದಿ, ಅನಂತರ ಮನೋರೋಗಗಳಲ್ಲಿ ವಿಶೇಷ ವ್ಯಾಸಂಗ ಮಾಡಿದವರು. ಅವರು ಔಷಧಿ ಬರೆದುಕೊಡಬಲ್ಲರು. ಚಿಕಿತ್ಸಾ ಮನೋವಿಜ್ಞಾನಿಗಳು, ಎಂದರೆ ಕ್ಲಿನಿಕಲ್ ಸೈಕಾಲಜಿಸ್ಟರು, ಮನಃಶಾಸ್ತ್ರವನ್ನು ಓದಿ, ಬಳಿಕ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳ ನಡುವೆ ತರಬೇತಿ ಪಡೆದವರು. ಅವರ ಸಾಧನ ಮಾತು, ಪರೀಕ್ಷೆ ಮತ್ತು ಅಭ್ಯಾಸ. ನಮ್ಮ ದೇಶದಲ್ಲಿ ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ದಾಖಲೆ ಪುಸ್ತಕದಲ್ಲಿ ನೋಂದಣಿಯಾಗಿರಬೇಕು. ಆ ನೋಂದಣಿಯ ಸಂಖ್ಯೆಯನ್ನು ಕೇಳಲು ನಮಗೆ ಹಕ್ಕುಂಟು. ಕೇಳಿದರೆ ಅವರು ಬೇಸರಪಡುವ ಕಾರಣವಿಲ್ಲ.

ಇದು ನಿನ್ನೆ ಮೊನ್ನೆ ಹೊರಗಿನಿಂದ ಬಂದ ಫ್ಯಾಷನ್ ಎಂದು ಕೆಲವರು ಹೇಳುವರು. ಆದರೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರದ ವಿಭಾಗ 1924ರಲ್ಲಿಯೇ ಆರಂಭವಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡಿತು. ಮರುವರ್ಷವೇ ಅಲ್ಲಿ ಈ ವಿದ್ಯೆಯ ತರಬೇತಿ ಮೊದಲಾಯಿತು. ಅದೇ ಸಂಸ್ಥೆ 1974ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ‘ಕೊರವಂಜಿ’ಯ ಹಾಸ್ಯದಿಂದ ನಾಡನ್ನೇ ನಗಿಸಿದ ರಾ. ಶಿ. ಅವರು ವೈದ್ಯರೂ ಆಗಿದ್ದರೆಂಬುದನ್ನು, ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಇನ್ನು ಮೊದಲ ಭೇಟಿಯ ವಿಷಯ. ಮಂಚದ ಮೇಲೆ ಮಲಗಿಸಿ ವಶೀಕರಣ ಮಾಡುವರೆಂದೂ, ಮುಖ ನೋಡಿಯೇ ಮನಸ್ಸಿನಲ್ಲಿರುವುದನ್ನು ಹೇಳಿಬಿಡುವರೆಂದೂ ನಾನು ಭಾವಿಸಿದ್ದೆ. ಅಲ್ಲಿ ಇದ್ದುದು ಒಂದು ಮೇಜು, ಎರಡು ಕುರ್ಚಿ ಮತ್ತು ನೀರಿನ ಲೋಟ. ಮೇಡಂ ಅವರು ಸುಮಾರು ಮುಕ್ಕಾಲು ಗಂಟೆ ಪ್ರಶ್ನೆಗಳನ್ನೇ ಕೇಳಿದರು. ತೊಂದರೆ ಎಂದು ಮೊದಲಾಯಿತು? ಯಾವಾಗ ಹೆಚ್ಚುತ್ತದೆ? ನಿದ್ರೆ ಹೇಗಿದೆ? ಊಟ ಸೇರುತ್ತದೆಯೆ? ಮನೆಯಲ್ಲಿ ಯಾರು ಯಾರು ಇದ್ದಾರೆ? ಕುಡಿತ, ಸಿಗರೇಟು ಉಂಟೆ? ಪ್ರಾಣ ಕಳೆದುಕೊಳ್ಳಬೇಕೆಂದು ಎಂದಾದರೂ ಅನ್ನಿಸಿತೆ? ಕೊನೆಯ ಪ್ರಶ್ನೆಗೆ ನಾನು ಬೆಚ್ಚಿದೆ. ಇದನ್ನು ಎಲ್ಲರಿಗೂ ಕೇಳುತ್ತೇವೆ, ಕೇಳುವುದರಿಂದ ಅಂಥ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಇದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದು ಅವರು ವಿವರಿಸಿದರು. ಒಂದು ಪ್ರಶ್ನಾವಳಿಯನ್ನೂ ತುಂಬಿಸಿಕೊಂಡರು. ಥೈರಾಯಿಡ್ ಗ್ರಂಥಿಯ ದೋಷದಿಂದಲೂ ರಕ್ತಹೀನತೆಯಿಂದಲೂ ಎದೆ ಬಡಿತ ಹೆಚ್ಚುವುದುಂಟಾದುದರಿಂದ ಮೊದಲು ವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದರು.

ನನ್ನ ದೊಡ್ಡ ಭಯ ಬೇರೆಯೇ ಇತ್ತು. ಇದು ಅಪ್ಪನ ಕಿವಿಗೆ ಬಿದ್ದರೆ? ಹಾಸ್ಟೆಲಿನಲ್ಲಿ ಗೊತ್ತಾದರೆ? ಕೇಳಲು ಬಾಯಿ ಬಾರದೆ ಕುಳಿತಿದ್ದಾಗ ಅವರೇ ಆ ವಿಷಯವನ್ನು ಎತ್ತಿದರು. ಮಾನಸಿಕ ಆರೋಗ್ಯ ಆರೈಕೆಯ 2017ರ ಕಾಯ್ದೆ ಚಿಕಿತ್ಸೆಯ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರಿದೆ. ಆದರೆ ಆ ಹಕ್ಕಿಗೆ ಮೇರೆಯುಂಟು. ನಮ್ಮ ಅಥವಾ ಇನ್ನೊಬ್ಬರ ಪ್ರಾಣಕ್ಕೆ ಅಪಾಯವಿದ್ದರೆ, ನ್ಯಾಯಾಲಯ ಆಜ್ಞೆ ಮಾಡಿದರೆ, ಚಿಕಿತ್ಸೆಗಾಗಿ ಇನ್ನೊಬ್ಬ ವೈದ್ಯರಿಗೆ ತಿಳಿಸಬೇಕಾದರೆ ಅಗತ್ಯವಿದ್ದಷ್ಟನ್ನು ತಿಳಿಸಬಹುದು. ಹದಿನೆಂಟು ತುಂಬದವರಾದರೆ ಪೋಷಕರೂ ಬರಬೇಕಾಗುತ್ತದೆ. ಈ ಮೇರೆಯನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳುವುದು ಜಾಣತನ.

ಎರಡನೆಯ ಭೇಟಿಗೆ ನಾನು ಉಪದೇಶವನ್ನು ನಿರೀಕ್ಷಿಸಿ ಹೋದೆ. ದೊರೆತದ್ದು ಕೆಲಸ! ಭಯವಾದಾಗಲೆಲ್ಲ ಆಗ ಮನಸ್ಸಿಗೆ ಬಂದ ಮಾತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತರಬೇಕೆಂದರು. ಬರೆದು ನೋಡಿದರೆ ಎಲ್ಲ ಕಡೆಯೂ ಒಂದೇ ಮಾತು: “ಧ್ವನಿ ನಡುಗುತ್ತದೆ, ಎಲ್ಲರೂ ನಗುತ್ತಾರೆ.” ಇದಕ್ಕೆ ಸಾಕ್ಷಿ ಏನು, ನಕ್ಕವರು ಯಾರು, ಎಷ್ಟು ಮಂದಿ ಎಂದು ಅವರು ವಿಚಾರಿಸಿದಾಗ ಉತ್ತರ ಹೇಳಲು ನಾನು ತಡವರಿಸಿದೆ. ಯೋಚನೆಯನ್ನು ಹೀಗೆ ಸಾಕ್ಷಿಯ ಮುಂದೆ ನಿಲ್ಲಿಸಿ ಪರೀಕ್ಷಿಸುವ ಕ್ರಮವನ್ನು ಅಮೆರಿಕದ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಬೆಳೆಸಿದರು.

ಇದರೊಡನೆ ಅವರು ಭಯದ ಒಂದು ಗುಟ್ಟನ್ನೂ ತಿಳಿಸಿದರು. ಬಾಗಿಲಿನಿಂದ ಹಿಂದಿರುಗಿದೊಡನೆ ಮನಸ್ಸಿಗೆ ಹಾಯೆನಿಸುತ್ತದೆ. ಆ ಹಾಯೇ ಮೋಸ! ಒಳಗೆ ನಿಜವಾಗಿಯೂ ಅಪಾಯವಿತ್ತು, ಓಡಿದ್ದರಿಂದಲೇ ಉಳಿದೆ ಎಂಬ ಪಾಠವನ್ನು ಮನಸ್ಸು ಅದರಿಂದ ಕಲಿಯುತ್ತದೆ. ಪ್ರತಿ ಬಾರಿ ಓಡಿದಾಗಲೂ ಭಯಕ್ಕೆ ಬಡ್ಡಿ ಸೇರುತ್ತದೆ. ಆದುದರಿಂದ ಮೆಟ್ಟಿಲು ಮೆಟ್ಟಿಲಾಗಿ ಅದರ ಎದುರಿಗೇ ಹೋಗಬೇಕು. ನನ್ನ ಮೆಟ್ಟಿಲುಗಳು ಇವು: ಕೊಠಡಿಯಲ್ಲಿ ಒಬ್ಬನೇ ಗಟ್ಟಿಯಾಗಿ ಓದುವುದು, ಜೊತೆಯ ಗೆಳೆಯನ ಎದುರು ಓದುವುದು, ನಾಲ್ವರ ಎದುರು ಓದುವುದು, ತರಗತಿಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳುವುದು, ಕೊನೆಗೆ ಸೆಮಿನಾರು. ಒಂದರಲ್ಲಿ ಎದೆಬಡಿತ ತಗ್ಗುವವರೆಗೆ ಮುಂದಿನದಕ್ಕೆ ಕಾಲಿಡುವಂತಿರಲಿಲ್ಲ.

ಇದು ಸುಗಮವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಮುಚ್ಚಿಟ್ಟದ್ದನ್ನು ತೆರೆದುದರಿಂದ ಮೂರನೆಯ ವಾರ ಮನಸ್ಸು ಮೊದಲಿಗಿಂತ ಭಾರವಾಯಿತು. ಇನ್ನು ಹೋಗುವುದೇ ಬೇಡವೆಂದು ಒಂದು ವಾರ ತಪ್ಪಿಸಿದೆ. ಮುಂದಿನ ಸಲ ಅಂಜುತ್ತ ಅದನ್ನೇ ಹೇಳಿದಾಗ ಅವರು ಗದರಲಿಲ್ಲ. “ನೀವು ಇಲ್ಲಿಯೂ ಬಾಗಿಲಿನಿಂದ ಹಿಂದಿರುಗಿದಿರಿ, ಆದರೆ ಮತ್ತೆ ಬಂದಿರಿ” ಎಂದರು. ಅಂದೇ ನನಗೆ ಚಿಕಿತ್ಸೆಯ ಅರ್ಥ ತಿಳಿಯಿತು. ಹಲ್ಲು ಕೀಳಿಸಿಕೊಳ್ಳುವವನು ಬಾಯಿ ತೆರೆದು ಕುಳಿತರೆ ಸಾಕು. ಇಲ್ಲಿ ರೋಗಿಯೂ ದುಡಿಯಬೇಕು. ಗುರುಗಳು ಲೆಕ್ಕದ ರೀತಿಯನ್ನು ತೋರಿಸಿಯಾರು, ಲೆಕ್ಕವನ್ನು ನಾವೇ ಮಾಡಬೇಕು.

ಹೋಗುವವರಿಗೆ ಕೆಲವು ಸೂಚನೆಗಳು. ತೊಂದರೆಯನ್ನು ನಾಲ್ಕು ಸಾಲಿನಲ್ಲಿ ಬರೆದುಕೊಂಡು ಹೋಗಿರಿ. ಅಲ್ಲಿ ಮಾತು ಮರೆಯುವುದು ಸಹಜ. ತೆಗೆದುಕೊಳ್ಳುತ್ತಿರುವ ಔಷಧಿಗಳ ಹೆಸರನ್ನು ತಿಳಿಸಿರಿ. ವಾರಕ್ಕೊಮ್ಮೆಯಂತೆ ಕೆಲವು ತಿಂಗಳಾದರೂ ಬೇಕಾಗಬಹುದು; ಎರಡೇ ಭೇಟಿಗೆ ತೀರ್ಪು ಕೊಡಬೇಡಿರಿ. ಹಾಗೆಂದು, ಅವರ ರೀತಿ ನಿಮಗೆ ಹೊಂದದಿದ್ದರೆ ಅದನ್ನು ಅವರಿಗೇ ಹೇಳಬಹುದು, ಬೇರೊಬ್ಬರಲ್ಲಿಗೂ ಹೋಗಬಹುದು. ಸಂಕಟ ತಡೆಯದಾದಾಗ ಭೇಟಿಯ ದಿನಕ್ಕಾಗಿ ಕಾಯಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಕಳೆದ ಅವಧಿಯ ಸೆಮಿನಾರಿನಲ್ಲಿ ನಾನು ಪ್ರಬಂಧ ಓದಿದೆ. ಮೊದಲ ಪುಟದಲ್ಲಿ ಧ್ವನಿ ನಡುಗಿತು. ಹಿಂದಿನ ಬೆಂಚಿನಲ್ಲಿ ಒಬ್ಬರು ನಕ್ಕಂತೆಯೂ ತೋರಿತು. ಓದುವುದನ್ನು ನಿಲ್ಲಿಸಲಿಲ್ಲ. ಭಯ ಪೂರ್ತಿ ಹೋಯಿತೆಂದು ಹೇಳಲಾರೆ. ಅದು ಈಗಲೂ ಬಾಗಿಲಿನವರೆಗೆ ನನ್ನ ಜೊತೆಗೇ ಬರುತ್ತದೆ. ಆದರೆ ಒಳಗೆ ಹೋಗಬೇಕೋ ಬೇಡವೋ ಎಂಬುದನ್ನು ಈಗ ನಿರ್ಧರಿಸುವವನು ನಾನು. ನಮ್ಮ ನಡುವೆ ಹೊಟ್ಟೆನೋವೆಂದು ಅರ್ಜಿ ಬರೆಯುತ್ತಿರುವ ಮಿತ್ರರು ಇನ್ನೂ ಇರಬಹುದು. ಅವರಲ್ಲಿ ಒಬ್ಬರಾದರೂ ನನ್ನಂತೆ ಹದಿನೈದು ದಿನ ಕಳೆಯದೆ ಹೋದರೆ ಈ ಬರಹ ಸಾರ್ಥಕ.