ಜಾವಾ ಸರ್ವರಿಗೆ ಬಹುವಿಧ ಪ್ರವೇಶ ಪರಿಶೀಲನೆ: ಪ್ಯಾಕ್‌ಫೋರ್‌ಜೆ ಅಳವಡಿಕೆ

ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದು ತನ್ನ ಬೇಡಿಕೆ, ದಾಸ್ತಾನು ಹಾಗೂ ಬಿಲ್ಲುಗಳ ವ್ಯವಹಾರವನ್ನು ಟಾಮ್‌ಕ್ಯಾಟ್ ಸರ್ವರಿನಲ್ಲಿ ನಡೆಸುತ್ತಿದೆಯೆಂದು ಭಾವಿಸಬಹುದು. ದೊಡ್ಡ ಖರೀದಿದಾರ ಸಂಸ್ಥೆಯು ಎಸ್‌ಎಎಂಎಲ್ ವಿಧಾನವನ್ನೇ ಕೇಳುತ್ತದೆ. ವಿತರಕರು ಗೂಗಲ್ ಖಾತೆಯಿಂದ ಬರಬಯಸುತ್ತಾರೆ. ಗೋದಾಮಿನ ಸಿಬ್ಬಂದಿಗೆ ಗುಪ್ತಪದವೇ ಸಾಕು. ಒಂದೊಂದಕ್ಕೂ ಪ್ರತ್ಯೇಕ ಪ್ರೋಗ್ರಾಂ ಬರೆಸಿದರೆ ಖರ್ಚಿನ ಜೊತೆಗೆ ಲೋಪಗಳೂ ಹೆಚ್ಚುತ್ತವೆ. ಪ್ಯಾಕ್‌ಫೋರ್‌ಜೆ ಎಂಬ ಮುಕ್ತ ತಂತ್ರಾಂಶ ಲೈಬ್ರರಿಯು ಇವೆಲ್ಲವನ್ನೂ ಒಂದೇ ಚೌಕಟ್ಟಿಗೆ ತರುತ್ತದೆ. ಅಪಾಚೆ ಪರವಾನಗಿಯಿರುವುದರಿಂದ ಲೈಬ್ರರಿಗೆ ಶುಲ್ಕವಿಲ್ಲ. ಅಳವಡಿಸುವವರ ಕೂಲಿ ಮಾತ್ರ ತಪ್ಪದು.

ಅಳವಡಿಕೆಯಲ್ಲಿ ಮೂರು ಫಿಲ್ಟರುಗಳಿವೆ. ಸೆಕ್ಯುರಿಟಿ ಫಿಲ್ಟರು ರಕ್ಷಿತ ಪುಟಗಳನ್ನು ಕಾಯುತ್ತದೆ. ಅಪರಿಚಿತನು ಬಂದರೆ ಅವನ ಗುರುತು ದೃಢೀಕರಿಸುವ ತಾಣಕ್ಕೆ ಕಳುಹಿಸುತ್ತದೆ. ಅಲ್ಲಿಂದ ಮರಳಿದವನನ್ನು ಕಾಲ್‌ಬ್ಯಾಕ್ ಫಿಲ್ಟರು ಪರಿಶೀಲಿಸಿ, ವಿವರಗಳನ್ನು ಸೆಷನ್ನಿನಲ್ಲಿರಿಸಿ, ಮೊದಲು ಕೇಳಿದ್ದ ಪುಟಕ್ಕೇ ಒಯ್ಯುತ್ತದೆ. ಮೂರನೆಯದು ನಿರ್ಗಮನಕ್ಕೆ.

ನಷ್ಟಕ್ಕೆ ಎಡೆಯಾಗುವುದು ಇದರ ಮುಂದಿನ ಹಂತದಲ್ಲಿ. ಗುರುತು ದೃಢಪಟ್ಟ ಮಾತ್ರಕ್ಕೆ ಅಧಿಕಾರ ದೊರೆತಂತಲ್ಲ. ಗೂಗಲ್ ಖಾತೆ ಯಾರಿಗಾದರೂ ಇರಬಹುದು, ಪ್ರತಿಸ್ಪರ್ಧಿಗೂ ಇರಬಹುದು. ಇಮೇಲ್ ವಿಳಾಸವನ್ನು ವಿತರಕರ ಪಟ್ಟಿಯೊಡನೆ ತಾಳೆ ನೋಡುವ ಆಥರೈಸರ್ ಇಲ್ಲದಿದ್ದರೆ ದರಪಟ್ಟಿಯು ಎಲ್ಲರಿಗೂ ತೆರೆದಂತೆಯೇ. ಮಾದರಿ ಪ್ರೋಗ್ರಾಂಗಳಲ್ಲಿ ಬರುವ ಪರೀಕ್ಷಾ ಪರಿಶೀಲಕವಂತೂ ಹೆಸರು ಮತ್ತು ಗುಪ್ತಪದ ಒಂದೇ ಆಗಿದ್ದರೆ ಒಳಬಿಡುತ್ತದೆ! ಅದನ್ನು ತೆಗೆದಿರುವುದನ್ನು ಮಾಲೀಕರೇ ಖುದ್ದಾಗಿ ಪರೀಕ್ಷಿಸುವುದು ಲೇಸು.

ಕಾಲ್‌ಬ್ಯಾಕ್ ವಿಳಾಸವು ಗೂಗಲ್‌ನಲ್ಲಿ ನೋಂದಾಯಿಸಿದ ವಿಳಾಸಕ್ಕೆ ಅಕ್ಷರಶಃ ಹೊಂದಬೇಕು. ಎಚ್‌ಟಿಟಿಪಿಎಸ್ ಬದಲು ಎಚ್‌ಟಿಟಿಪಿ ಎಂದಿದ್ದರೂ ಪ್ರವೇಶ ನಿಲ್ಲುತ್ತದೆ. ಟಾಮ್‌ಕ್ಯಾಟ್ 9ಕ್ಕೆ ಜಾವಾ ಇಇ ಜೋಡಕ, 10 ಮತ್ತು ನಂತರದವುಗಳಿಗೆ ಜಕಾರ್ತಾ ಜೋಡಕ ಬೇಕು. ಅದಲುಬದಲಾದರೆ ಫಿಲ್ಟರುಗಳು ಕೆಲಸ ಮಾಡವು. ಎಸ್‌ಎಎಂಎಲ್‌ನಲ್ಲಿ ಗಡಿಯಾರವೂ ಮುಖ್ಯ. ಲೈಬ್ರರಿಯ ಮೂಲ ನಿಗದಿಯಂತೆ 3600 ಸೆಕೆಂಡಿಗಿಂತ ಹಳೆಯ ದೃಢೀಕರಣ ತಿರಸ್ಕೃತವಾಗುತ್ತದೆ. ಖರೀದಿದಾರರ ಕಚೇರಿಯಲ್ಲಿ ಬೆಳಿಗ್ಗೆ ಲಾಗಿನ್ ಆದವರು ಮಧ್ಯಾಹ್ನ ಬೇಡಿಕೆ ಸಲ್ಲಿಸಲಾಗದೆ ದೂರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಈ ಅವಧಿಯನ್ನು ಅವರೊಡನೆ ಮೊದಲೇ ಮಾತನಾಡಿ ಗೊತ್ತುಪಡಿಸಬೇಕು.

ಕೆಲಸ ಬಿಟ್ಟ ನೌಕರನ ಖಾತೆಯನ್ನು ಮೂಲ ತಾಣದಲ್ಲಿ ಮುಚ್ಚಿದರೂ ಟಾಮ್‌ಕ್ಯಾಟ್‌ನಲ್ಲಿ ಅವನ ಸೆಷನ್ ತಾನಾಗಿ ಮುಗಿಯದು. ಅದರ ಸಾಮಾನ್ಯ ಗಡುವು 30 ನಿಮಿಷ. ಆದರೆ ಅದು ನಿಷ್ಕ್ರಿಯತೆಯ ಲೆಕ್ಕ. ಪುಟಗಳನ್ನು ತೆರೆಯುತ್ತಲೇ ಇರುವವನಿಗೆ ಅನ್ವಯಿಸದು. ಆದ್ದರಿಂದ ಆಥರೈಸರ್ ಪ್ರತಿ ಕೋರಿಕೆಗೂ ಘಟಕದ ಸ್ವಂತ ಪಟ್ಟಿಯನ್ನು ನೋಡುವಂತೆ ಬರೆಸಿ, ನೌಕರನು ಲೆಕ್ಕ ಒಪ್ಪಿಸಿದ ದಿನವೇ ಅವನ ಹೆಸರನ್ನು ಆ ಪಟ್ಟಿಯಿಂದ ತೆಗೆಯಬೇಕಾಗುತ್ತದೆ.