ಹಳೆಯ ಜೀಪಿನ ಎಂಜಿನ್: ಪುನರ್ನಿರ್ಮಾಣವೋ, ಶಕ್ತಿವರ್ಧನೆಯೋ?

ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಪರಿಸರದ ಕಲ್ಲಿನ ಖಣಿಗಳಲ್ಲಿ, ಎರೆಭೂಮಿಯ ತೊಗರಿ ಹೊಲಗಳ ದಾರಿಗಳಲ್ಲಿ, ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯ ಗುಡ್ಡದ ರಸ್ತೆಗಳಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಹಳೆಯ ಜೀಪಿಗೆ ಇಂದಿಗೂ ಕೆಲಸವಿದೆ. ಹೊಸ ವಾಹನದ ಬೆಲೆ ಏರಿದಂತೆಲ್ಲ, ಇರುವ ಜೀಪಿನ ಎಂಜಿನ್ನನ್ನೇ ಬಿಚ್ಚಿಸಿ ಹೊಸದರಂತೆ ಮಾಡಿಸುವ, ಸಾಧ್ಯವಾದರೆ ಅದರ ಶಕ್ತಿಯನ್ನೂ ಹೆಚ್ಚಿಸುವ ವಿಚಾರ ಮಾಲೀಕರಲ್ಲಿ ಮೂಡುವುದು ಸಹಜ. ಆದರೆ ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುವುದು ಒಂದು ಕೆಲಸ. ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚಿನ ಶಕ್ತಿಯನ್ನು ಹೊರಡಿಸುವುದು ಬೇರೆಯೇ ಕೆಲಸ. ಈ ಎರಡನ್ನು ಒಂದೆಂದು ಭಾವಿಸಿ ಹಣ ತೊಡಗಿಸಿದವರೇ ಹೆಚ್ಚಾಗಿ ನಷ್ಟಕ್ಕೆ ಒಳಗಾಗುತ್ತಾರೆ.

ಅಶ್ವಶಕ್ತಿಯ ಅಂಕಿ ಹೇಳದಿರುವ ಮಾತು

ಮಹೀಂದ್ರ ಸಂಸ್ಥೆಯ ಎಂಎಂ 540 ಮಾದರಿಯ ಜೀಪುಗಳಲ್ಲಿ ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ಇತ್ತು. ಸಿಲಿಂಡರಿನ ವ್ಯಾಸ 90 ಮಿ.ಮೀ., ಪಿಸ್ಟನ್ನಿನ ಓಟ 83 ಮಿ.ಮೀ., ಒಟ್ಟು ಗಾತ್ರ 2112 ಸಿ.ಸಿ.; ನಿಮಿಷಕ್ಕೆ 4500 ಸುತ್ತುಗಳಲ್ಲಿ 62 ಅಶ್ವಶಕ್ತಿ. ಅದೇ ಸಂಸ್ಥೆಯ ಟ್ರ್ಯಾಕ್ಟರ್ ಎಂಜಿನ್ನಿನ ವಂಶಕ್ಕೆ ಸೇರಿದ ಎಂಡಿಐ ಎಂಜಿನ್ 88.9 ಮಿ.ಮೀ. ವ್ಯಾಸ ಮತ್ತು 101.6 ಮಿ.ಮೀ. ಓಟದ, 2523 ಸಿ.ಸಿ. ಗಾತ್ರದ್ದು. 2010ರಲ್ಲಿ ಬಂದ ಥಾರ್ ವಾಹನದ ಅಗ್ಗದ ಮಾದರಿಯಲ್ಲಿ ಇದೇ ಎಂಜಿನ್ ಟರ್ಬೊ ಸಹಿತವಾಗಿ 3200 ಸುತ್ತುಗಳಲ್ಲಿ 63 ಅಶ್ವಶಕ್ತಿ ನೀಡುತ್ತಿತ್ತು.

62 ಮತ್ತು 63. ಕಾಗದದ ಮೇಲೆ ಅಂತರ ಒಂದೇ ಅಂಕಿಯದು. ಆದರೆ ಖಣಿಯ ಏರಿನಲ್ಲಿ ಎರಡನ್ನೂ ಓಡಿಸಿದ ಚಾಲಕ ಅವು ಸಮಾನವೆಂದು ಒಪ್ಪಲಾರ. ಕಾರಣವನ್ನು ಲೆಕ್ಕದಿಂದ ತಿಳಿಯಬಹುದು. ಟಾರ್ಕ್ ಎನ್ನಲಾಗುವ ತಿರುಗಿಸುವ ಬಲವನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿ 9549ರಿಂದ ಭಾಗಿಸಿದರೆ ಶಕ್ತಿ ಕಿಲೋವ್ಯಾಟ್‌ಗಳಲ್ಲಿ ದೊರೆಯುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ಮೊದಲ ಎಂಜಿನ್ ತನ್ನ ಗರಿಷ್ಠ ಶಕ್ತಿಯ ಹಂತದಲ್ಲಿ ಸುಮಾರು 97 ನ್ಯೂಟನ್ ಮೀಟರ್ ಬಲವನ್ನಷ್ಟೇ ಹೊಂದಿದ್ದರೆ, ಎರಡನೆಯದು ಸುಮಾರು 140 ನ್ಯೂಟನ್ ಮೀಟರ್ ಹೊಂದಿರುತ್ತದೆ. ಮೊದಲನೆಯದು ತನ್ನ ಪೂರ್ಣ ಶಕ್ತಿಯನ್ನು ತೋರಲು 4500 ಸುತ್ತುಗಳಿಗೆ ಏರಬೇಕು. ಕಲ್ಲು ತುಂಬಿದ ಟ್ರೇಲರ್ ಎಳೆಯುವ ಜೀಪು ಕೆಳಗೇರಿನಲ್ಲಿ 1500ರಿಂದ 2000 ಸುತ್ತುಗಳಲ್ಲಿ ದುಡಿಯುತ್ತದೆ. ಅಲ್ಲಿ ಬೇಕಾದದ್ದು ಅಶ್ವಶಕ್ತಿಯ ಶಿಖರವಲ್ಲ, ಕೆಳಸುತ್ತಿನ ಬಲ. ಆದ್ದರಿಂದ ಮೆಕ್ಯಾನಿಕ್ ‘ಇಷ್ಟು ಎಚ್‌ಪಿ ಹೆಚ್ಚಿಸುತ್ತೇನೆ’ ಎಂದಾಗ, ‘ಎಷ್ಟು ಸುತ್ತಿನಲ್ಲಿ?’ ಎಂದು ಕೇಳುವುದು ಮಾಲೀಕನ ಹಕ್ಕು.

ಶಕ್ತಿ ಎಲ್ಲಿ ಕಳೆದುಹೋಯಿತು?

ಈ ಭಾಗದಲ್ಲಿ ಎಂಜಿನ್ ಸವೆಯಲು ಧೂಳೇ ಕಾರಣವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಎಲ್ಲ ಧೂಳೂ ಒಂದೇ ಅಲ್ಲ. ಶಾಬಾದಿ ಪರಸಿಯ ಮೂಲವಸ್ತುವಾದ ಸುಣ್ಣದ ಖನಿಜ ಗಡಸುತನದ ಮಾಪಕದಲ್ಲಿ 3ರ ಮಟ್ಟದ್ದು. ಮೊರಂ ಮತ್ತು ಮರಳಿನಲ್ಲಿರುವ ಸ್ಫಟಿಕ ಶಿಲೆಯ ಕಣ 7ರ ಮಟ್ಟದ್ದು. ಸಿಲಿಂಡರಿನ ಎರಕದ ಕಬ್ಬಿಣ ಇವೆರಡರ ನಡುವಿನದು. ಬಿಳಿ ಧೂಳು ಕಣ್ಣಿಗೆ ಹೆಚ್ಚು ಕಾಣುತ್ತದೆ, ಶೋಧಕವನ್ನು ಬೇಗ ಕಟ್ಟಿಹಾಕುತ್ತದೆ. ಆದರೆ ಬೋರನ್ನು ತಿನ್ನುವುದು ಮುಖ್ಯವಾಗಿ ಕಚ್ಚಾ ರಸ್ತೆಯ ಕೆಂಪು ಧೂಳು. ಗಾಳಿಯ ಶೋಧಕದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನಲ್ಲಿ ಒಂದು ಸೀಳಿದ್ದರೆ, ಸಾವಿರಾರು ರೂಪಾಯಿ ತೆತ್ತು ಮಾಡಿಸಿದ ಬೋರಿಂಗ್ ಕೆಲವೇ ತಿಂಗಳಲ್ಲಿ ವ್ಯರ್ಥವಾಗುತ್ತದೆ. ಪುನರ್ನಿರ್ಮಾಣದ ಮೊದಲ ಖರ್ಚು ಈ ಹೋಸಿಗೇ ಸಲ್ಲಬೇಕು.

ಬಿಚ್ಚುವ ಮೊದಲು ಅಳತೆಯಾಗಬೇಕು. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಒಂದೊಂದಾಗಿ ನೋಡಿ ಬರೆದಿಡಬೇಕು. ಕಪ್ಪು ಹೊಗೆ ಗಾಳಿಯ ಕೊರತೆ ಅಥವಾ ಡೀಸೆಲ್ಲಿನ ಅಧಿಕ್ಯದ ಲಕ್ಷಣ. ನೀಲಿ ಹೊಗೆ ಆಯಿಲ್ ಉರಿಯುವುದರ ಲಕ್ಷಣ. ಬಿಳಿ ಹೊಗೆಯಾದರೆ ಉರಿಯದ ಡೀಸೆಲ್ ಅಥವಾ ಒಳಸೋರಿದ ನೀರು. ಕಂಪ್ರೆಷನ್ ಸರಿಯಿದ್ದು ಕಪ್ಪು ಹೊಗೆ ಮಾತ್ರ ಇದ್ದರೆ, ಪಂಪ್ ಕ್ಯಾಲಿಬ್ರೇಷನ್ ಮತ್ತು ನಾಝಲ್‌ಗಳ ಪರೀಕ್ಷೆಯಿಂದಲೇ ಜೀಪು ಚೇತರಿಸಿಕೊಳ್ಳುವುದುಂಟು. ಅಂಥಲ್ಲಿ ಎಂಜಿನ್ ಇಳಿಸುವುದು ಅನಗತ್ಯ ವೆಚ್ಚ. 2020ರ ಏಪ್ರಿಲ್‌ನಿಂದ ದೇಶಾದ್ಯಂತ ದೊರೆಯುತ್ತಿರುವ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ ದಶಲಕ್ಷಕ್ಕೆ 10 ಭಾಗ ಮಾತ್ರ. ಹಳೆಯ ಪಂಪಿನ ರಬ್ಬರ್ ಸೀಲುಗಳು ಸೋರುತ್ತಿದ್ದರೆ, ಕ್ಯಾಲಿಬ್ರೇಷನ್‌ಗೆ ಕೊಟ್ಟಾಗಲೇ ಅವನ್ನೂ ಬದಲಾಯಿಸುವುದು ಲೇಸು.

ಬೋರ್ ಸವೆದಿದ್ದಲ್ಲಿ ಎಂಜಿನ್ನಿನ ಬಗೆಗೆ ತಕ್ಕಂತೆ ಸ್ಲೀವ್ ಬದಲಾಯಿಸಬೇಕು, ಇಲ್ಲವೇ ಬೋರ್ ಹೊಡೆಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು. ಇಲ್ಲೊಂದು ಭ್ರಮೆಯನ್ನು ಪ್ರಸ್ತಾಪಿಸುವುದು ಉಚಿತ. ‘ದೊಡ್ಡ ಪಿಸ್ಟನ್ ಹಾಕಿದರೆ ಎಂಜಿನ್ ಪವರ್ ಹೆಚ್ಚುತ್ತದೆ’ ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. 88.9 ಮಿ.ಮೀ. ಬೋರಿಗೆ ಅರ್ಧ ಮಿ.ಮೀ. ಸೇರಿಸಿದರೆ 2523 ಸಿ.ಸಿ. ಎಂಜಿನ್ನಿನ ಗಾತ್ರ ಹೆಚ್ಚುವುದು ಸುಮಾರು 28 ಸಿ.ಸಿ., ಅಂದರೆ ಶೇ. 1.1. ದುರಸ್ತಿಯ ನಂತರ ಜೀಪು ಜಿಗಿಯುವುದು ಈ ಶೇಕಡಾ ಒಂದರಿಂದಲ್ಲ; ಸೋರುತ್ತಿದ್ದ ಒತ್ತಡ ಸಿಲಿಂಡರಿನಲ್ಲಿ ಮರಳಿ ನಿಂತದ್ದರಿಂದ.

ಟರ್ಬೊ ಅಳವಡಿಕೆಯ ಲೆಕ್ಕ

ಡೀಸೆಲ್ ಎಂಜಿನ್ನಿಗೆ ನಿಜವಾದ ಹೆಚ್ಚುವರಿ ಶಕ್ತಿ ಬೇಕಾದರೆ ಹೆಚ್ಚುವರಿ ಗಾಳಿ ಬೇಕು. ಗಾಳಿಯಿಲ್ಲದೆ ಪಂಪಿನಲ್ಲಿ ಡೀಸೆಲ್ ಮಾತ್ರ ಹೆಚ್ಚಿಸಿದರೆ ಹೊಗೆ ಮತ್ತು ಶಾಖಗಳೇ ಹೆಚ್ಚುತ್ತವೆ. ಇದರೊಡನೆ ಇಲ್ಲಿನ ಬೇಸಿಗೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕು: 25 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯ ಗಾಳಿ ಸುಮಾರು ಶೇ. 5ರಷ್ಟು ತೆಳು. ಜನವರಿಯಲ್ಲಿ ಸರಿಹೊಂದಿಸಿದ ಪಂಪು ಮೇ ತಿಂಗಳಲ್ಲಿ ಹೊಗೆ ಉಗುಳುವುದಕ್ಕೆ ಇದೂ ಒಂದು ಕಾರಣ.

ಟರ್ಬೊ ಅರ್ಧ ಬಾರ್ ಒತ್ತಡ ನೀಡಿತೆಂದು ಇಟ್ಟುಕೊಂಡರೆ, ಗಾಳಿ ಒಂದೂವರೆ ಪಟ್ಟಾಯಿತೆಂದು ತೋರುತ್ತದೆ. ಹಾಗಾಗದು. ಒತ್ತಿದ ಗಾಳಿ ಕಾಯುತ್ತದೆ. ಸಾಮಾನ್ಯ ದಕ್ಷತೆಯ ಟರ್ಬೊದಲ್ಲಿ 42 ಡಿಗ್ರಿಯ ಗಾಳಿ ಸುಮಾರು 100 ಡಿಗ್ರಿಗೆ ಏರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ನಿಜವಾಗಿ ದೊರೆಯುವ ಹೆಚ್ಚಳ ಸುಮಾರು ಶೇ. 26 ಮಾತ್ರ. ಅದೇ ಗಾಳಿಯನ್ನು ಇಂಟರ್‌ಕೂಲರ್ ಮೂಲಕ 60 ಡಿಗ್ರಿಗೆ ಇಳಿಸಿದರೆ ಹೆಚ್ಚಳ ಶೇ. 42ರ ಸಮೀಪಕ್ಕೆ ಬರುತ್ತದೆ. ಅಂದರೆ ಈ ಪ್ರದೇಶದಲ್ಲಿ ಇಂಟರ್‌ಕೂಲರ್ ಅಲಂಕಾರವಲ್ಲ. ಆದರೆ ರೇಡಿಯೇಟರಿನ ಮುಂದೆ ಅದನ್ನು ಕೂರಿಸಿ, ರೇಡಿಯೇಟರ್ ಹಳೆಯದನ್ನೇ ಉಳಿಸಿಕೊಂಡರೆ ಇಡೀ ಯೋಜನೆ ಖಣಿಯ ಮೊದಲ ಏರಿನಲ್ಲೇ ಕುದಿಯುತ್ತದೆ.

ಪ್ಯೂಜೊ ವಿನ್ಯಾಸದ ಎಂಜಿನ್ನಿನಲ್ಲಿ ಡೀಸೆಲ್ ಪಕ್ಕದ ಸಣ್ಣ ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ. ಅದರ ಕಂಪ್ರೆಷನ್ ಅನುಪಾತ ಮೊದಲೇ ಎತ್ತರದ್ದು. ಅದರ ಮೇಲೆ ಟರ್ಬೊದ ಒತ್ತಡವನ್ನೂ ಹೇರಿದರೆ ಹೆಡ್ ಗ್ಯಾಸ್ಕೆಟ್, ಪಿಸ್ಟನ್ ಮತ್ತು ಬೇರಿಂಗುಗಳು ಬೇಗ ಶರಣಾಗುತ್ತವೆ. ಎಂಡಿಐ ಎಂಜಿನ್ನಿಗೆ ಕಾರ್ಖಾನೆಯೇ ಟರ್ಬೊ ಆವೃತ್ತಿ ಮಾಡಿತ್ತಾದ್ದರಿಂದ, ಆ ಆವೃತ್ತಿಯ ಪಿಸ್ಟನ್, ಪಂಪು, ಆಯಿಲ್ ಮಾರ್ಗಗಳನ್ನು ಒಟ್ಟಾಗಿ ಹಾಕುವುದು ಹೆಚ್ಚು ಭದ್ರವಾದ ಹಾದಿ. ಎರಡೂ ಸಂದರ್ಭಗಳಲ್ಲಿ ಗೇರ್‌ಬಾಕ್ಸ್, ಕ್ಲಚ್ ಮತ್ತು ಡ್ರಮ್ ಬ್ರೇಕುಗಳು ಹಳೆಯ ಬಲಕ್ಕೆಂದೇ ರೂಪುಗೊಂಡವೆಂಬುದನ್ನು ಮರೆಯುವಂತಿಲ್ಲ. ಥಾರ್‌ನ 105 ಅಶ್ವಶಕ್ತಿಯ ಸಿಆರ್‌ಡಿಇ ಎಂಜಿನ್ನನ್ನು ಹಳೆಯ ಗೇರ್‌ಬಾಕ್ಸಿಗೆ ಜೋಡಿಸುವ ಸಾಹಸಗಳು ನೋಡಲು ಚೆನ್ನ. ದುಡಿಯುವ ವಾಹನಕ್ಕೆ ಅವು ತಕ್ಕವಲ್ಲ.

ಕಾನೂನು ಮತ್ತು ಲೆಕ್ಕಪತ್ರ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ವಿಧಿಸಬಹುದು. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಪಂಪಿನ ದುರಸ್ತಿ ಇವೆಲ್ಲ ದುರಸ್ತಿಗಳೇ, ಇವಕ್ಕೆ ಅಡ್ಡಿಯಿಲ್ಲ. ಎಂಜಿನ್ ಬದಲಾಯಿಸುವುದಾದರೆ ಸಾರಿಗೆ ಕಚೇರಿಯ ಅನುಮತಿ ಮೊದಲು ಪಡೆದು, ಕೆಲಸ ಮುಗಿದ 14 ದಿನಗಳೊಳಗೆ ವರದಿ ಸಲ್ಲಿಸಿ, ಹೊಸ ಎಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ದಾಖಲಿಸಬೇಕು. ಹಾಗೆ ಮಾಡದ ಜೀಪು ಅಪಘಾತಕ್ಕೀಡಾದರೆ ವಿಮಾ ಪರಿಹಾರವೇ ವಿವಾದಕ್ಕೆ ಸಿಲುಕೀತು. ಖಣಿಯ ಕೂಲಿಕಾರರನ್ನು ಕೂರಿಸಿಕೊಂಡು ಓಡುವ ವಾಹನದಲ್ಲಿ ಇದು ಸಣ್ಣ ಅಪಾಯವಲ್ಲ.

ಹಳೆಯ ಎಂಜಿನ್ ಕೊಳ್ಳುವವರು ಅದು ಯಾವ ವಾಹನದ್ದು, ಆ ವಾಹನದ ನೋಂದಣಿ ರದ್ದಾಗಿದೆಯೇ ಎಂಬ ದಾಖಲೆಯನ್ನು ಕೇಳಿ ಪಡೆಯಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿಲ್ಲದೆ ಕೊಳ್ಳುವ ಆಮಿಷ ಅಷ್ಟರಮಟ್ಟಿಗೆ ಕಡಿಮೆಯಾಗಬೇಕು. ನಕಲಿ ಬೇರಿಂಗ್ ಸಿಕ್ಕಾಗ ಅಂಗಡಿಗೆ ಮರಳಿ ಹೋಗಲು ಬಿಲ್ಲೊಂದೇ ಆಧಾರ.

ಎಂಜಿನ್ ಮರಳಿ ಕೂರಿಸಿದ ಮೇಲೆ ಮೊದಲ 1000 ಕಿ.ಮೀ.ವರೆಗೆ ಟ್ರೇಲರ್ ಕಟ್ಟಬಾರದು. ಹಾಗೆಂದು ಗಂಟೆಗಟ್ಟಲೆ ನಿಂತಲ್ಲೇ ಚಾಲೂ ಇಡುವುದೂ ತಪ್ಪು. ಹಗುರ ಹೊರೆಯಲ್ಲಿ ಸುತ್ತುಗಳನ್ನು ಏರಿಳಿಸುತ್ತ ಓಡಿಸಿದರೆ ಮಾತ್ರ ರಿಂಗುಗಳು ಬೋರಿಗೆ ಹೊಂದಿಕೊಳ್ಳುತ್ತವೆ. 500 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ತಯಾರಕರು ಆ ಎಂಜಿನ್ನಿಗೆ ಸೂಚಿಸಿದ್ದರೆ ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಿ, ಟ್ಯಾಪೆಟ್ ಅಂತರ ನೋಡಿಸಬೇಕು. ಆ ದಿನದ ಕಂಪ್ರೆಷನ್ ಅಂಕಿಗಳನ್ನು ಬಿಚ್ಚುವ ಮೊದಲು ಬರೆದಿಟ್ಟ ಅಂಕಿಗಳ ಪಕ್ಕದಲ್ಲೇ ಬರೆದು, ಮೆಕ್ಯಾನಿಕ್‌ನ ಸಹಿ ಪಡೆದು, ಬಿಲ್ಲಿನೊಡನೆ ಕಡತದಲ್ಲಿ ಇಡಬೇಕು.