ಒಂದೇ ತಾಲ್ಲೂಕಿನ ಶಾಲೆಗಳು: ಒಂದು ತೌಲನಿಕ ವಿವೇಚನೆ

ಎರಡು ವಸ್ತುಗಳನ್ನು ಹೋಲಿಸುವವರು ಅವೆರಡಕ್ಕೂ ಸಲ್ಲುವ ಸಾಧಾರಣಧರ್ಮವನ್ನು ಮೊದಲು ಗುರುತಿಸಬೇಕೆಂಬುದು ಅಲಂಕಾರಶಾಸ್ತ್ರದ ಆರಂಭದ ಪಾಠ. ಮುಖವನ್ನು ಚಂದ್ರನಿಗೆ ಹೋಲಿಸುವಾಗ ಆಹ್ಲಾದಕತ್ವವೇ ಆ ಧರ್ಮ. ಅದನ್ನು ಬಿಟ್ಟು ಗಾತ್ರವನ್ನು ಹಿಡಿದರೆ ಉಪಮೆಯು ಹಾಸ್ಯಾಸ್ಪದವಾಗುತ್ತದೆ. ಕಾವ್ಯದಲ್ಲಿ ಇಂಥ ದೋಷ ಸಂಭವಿಸಿದರೆ ಒಂದು ಪದ್ಯ ಕೆಟ್ಟೀತು. ಶಾಲೆಗಳ ಹೋಲಿಕೆಯಲ್ಲಿ ಸಂಭವಿಸಿದರೆ ಒಂದು ಊರಿನ ಶಾಲೆಯೇ ಬರಿದಾದೀತು. ಒಂದು ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳೆಲ್ಲಕ್ಕೂ ಪಠ್ಯಪುಸ್ತಕ ಒಂದೇ, ಮಧ್ಯಾಹ್ನದ ಅಕ್ಷರ ದಾಸೋಹ ಒಂದೇ, ಮೇಲ್ವಿಚಾರಣೆ ನಡೆಸುವ ಕ್ಷೇತ್ರ ಶಿಕ್ಷಣಾಧಿಕಾರಿಯೂ ಒಬ್ಬರೇ. ಆದ್ದರಿಂದ ಅಂಕಗಳನ್ನು ಪಟ್ಟಿಮಾಡಿ ಮೇಲುಕೀಳುಗಳನ್ನು ನಿರ್ಣಯಿಸಬಹುದೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸೀಮೆಯನ್ನು ನಿದರ್ಶನವಾಗಿ ಪರಿಭಾವಿಸಬಹುದು. ಅಲ್ಲಿ ಪೇಟೆಯ ದೊಡ್ಡ ಶಾಲೆಯುಂಟು. ಒಕ್ಕಲು ಮಕ್ಕಳು ಕಲಿಯುವ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯುಂಟು. ನಾಗರಹೊಳೆ, ಬಂಡೀಪುರಗಳ ಕಾಡಂಚಿನ ಹಾಡಿಗಳ ಜೇನುಕುರುಬ, ಕಾಡುಕುರುಬ ಮಕ್ಕಳಿಗಾಗಿ ಏರ್ಪಟ್ಟ ಆಶ್ರಮ ಶಾಲೆಗಳೂ ಉಂಟು. ಪೇಟೆಯ ಮಗು ಮನೆಯಲ್ಲಿ ಅಕ್ಕನ ಪುಸ್ತಕವನ್ನೂ ವೃತ್ತಪತ್ರಿಕೆಯನ್ನೂ ಕಂಡು ಬಂದಿರುವ ಸಂಭವವುಂಟು. ಹಾಡಿಯ ಮಗುವಾದರೋ ಅನೇಕ ವೇಳೆ ತನ್ನ ಮನೆತನದಲ್ಲಿ ಅಕ್ಷರವನ್ನು ಕಾಣುವ ಮೊದಲನೆಯದು. ಅದರ ಮನೆಮಾತು ಕನ್ನಡಕ್ಕೆ ಬಳಿಯದೇ ಆದರೂ ಪಠ್ಯಪುಸ್ತಕದ ಕನ್ನಡವಲ್ಲ. ಇವರಿಬ್ಬರ ಕೈಗೂ ಒಂದೇ ಪ್ರಶ್ನಪತ್ರಿಕೆಯನ್ನಿತ್ತು, ಬಂದ ಅಂಕಗಳ ಅಂತರವನ್ನು ಉಪಾಧ್ಯಾಯರ ಯೋಗ್ಯತೆಯ ಅಂತರವೆಂದು ಎಣಿಸುವುದು ನ್ಯಾಯವಾಗಲಾರದು. ಅಲ್ಲಿ ಅಳತೆಗೆ ಸಿಕ್ಕಿದ್ದು ಬಹುಮಟ್ಟಿಗೆ ಮನೆ, ಶಾಲೆಯಲ್ಲ.

ಶಿಕ್ಷಕರ ಲೆಕ್ಕವೂ ಹೀಗೆಯೇ ಮೋಸಗೊಳಿಸುತ್ತದೆ. ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಂತೆ, ಒಂದರಿಂದ ಐದರವರೆಗಿನ ತರಗತಿಗಳಿಗೆ ೬೦ ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ೧೨೧ರಿಂದ ೨೦೦ರವರೆಗೆ ಐವರು. ೨೦ ಮಕ್ಕಳಿರುವ ಹಳ್ಳಿಯ ಶಾಲೆಯನ್ನೂ ೧೫೦ ಮಕ್ಕಳಿರುವ ಪೇಟೆಯ ಶಾಲೆಯನ್ನೂ ಈ ಲೆಕ್ಕದಲ್ಲಿಟ್ಟು ನೋಡಿದರೆ, ಒಬ್ಬ ಶಿಕ್ಷಕರ ಪಾಲಿಗೆ ಹಳ್ಳಿಯಲ್ಲಿ ೧೦, ಪೇಟೆಯಲ್ಲಿ ೩೦ ಮಕ್ಕಳು ಬರುತ್ತಾರೆ. ಕಾಗದದ ಮೇಲೆ ಹಳ್ಳಿಯ ಶಾಲೆಯೇ ಭಾಗ್ಯವಂತ! ಆದರೆ ಆ ಇಬ್ಬರು ಐದು ತರಗತಿಗಳನ್ನು ನಡೆಸಬೇಕು. ಒಬ್ಬರು ಸಭೆಗೋ ತರಬೇತಿಗೋ ತೆರಳಿದ ದಿನ ಐದೂ ತರಗತಿಗಳು ಇನ್ನೊಬ್ಬರ ಪಾಲು. ಪೇಟೆಯಲ್ಲಿ ತರಗತಿಗೊಬ್ಬರಿದ್ದಾರೆ.

ಇನ್ನು ಶೇಕಡಾವಾರಿನ ವಿಷಯ. ೨೦ ಮಕ್ಕಳ ಆ ಹಳ್ಳಿಶಾಲೆಯ ಐದನೆಯ ತರಗತಿಯಲ್ಲಿ ನಾಲ್ಕೇ ಮಕ್ಕಳಿದ್ದಾರೆಂದು ಭಾವಿಸೋಣ. ಒಂದು ಮಗುವಿಗೆ ಓದಲು ಬಾರದಿದ್ದರೆ ಫಲಿತಾಂಶ ಶೇಕಡಾ ೭೫ಕ್ಕೆ ಇಳಿಯಿತು. ಪೇಟೆಯ ೩೦ ಮಕ್ಕಳ ತರಗತಿಯಲ್ಲಿ ಅಂಥದೇ ಒಂದು ಮಗುವಿದ್ದರೆ ಅದು ಶೇಕಡಾ ೯೬ನ್ನೂ ದಾಟಿ ನಿಲ್ಲುತ್ತದೆ. ಕಲಿಯದೆ ಉಳಿದ ಮಗು ಎರಡೆಡೆಯೂ ಒಂದೇ. ಒಂದು ಶಾಲೆಗೆ ಅಪಕೀರ್ತಿ, ಇನ್ನೊಂದಕ್ಕೆ ಪ್ರಶಂಸೆ. ಮರುವರ್ಷ ಆ ಹಳ್ಳಿಯ ನಾಲ್ವರೂ ಚೆನ್ನಾಗಿ ಓದಿದರೆ ಶಾಲೆಯು ನೂರಕ್ಕೆ ಏರುತ್ತದೆ. ಉಪಾಧ್ಯಾಯರು ಮಾತ್ರ ಹಿಂದಿನವರೇ.

ಹಾಗಾದರೆ ಸಾಧಾರಣಧರ್ಮ ಯಾವುದು? ಇದಕ್ಕೆ ಸಮಾಧಾನವು ಇದೇ ಸೀಮೆಯಲ್ಲಿಯೇ ದೊರೆತದ್ದು ಗಮನಾರ್ಹ. ೧೯೯೫ರಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ‘ನಲಿ-ಕಲಿ’ ಪದ್ಧತಿ ಆರಂಭವಾದದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ಋಷಿವ್ಯಾಲಿಯಲ್ಲಿ ನಡೆದಿದ್ದ ಗ್ರಾಮೀಣ ಶಾಲೆಗಳ ಕ್ರಮವನ್ನು ಸರ್ಕಾರಿ ಶಾಲೆಗಳ ಶಿಕ್ಷಕರೇ ಕಂಡು ಬಂದು, ತಮ್ಮ ಮಕ್ಕಳಿಗೆ ಒಗ್ಗುವಂತೆ ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ ಕಾರ್ಡುಗಳನ್ನು ರಚಿಸಿದರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು, ಶಿಕ್ಷಕರ ಪೂರ್ಣ ನೆರವಿನಿಂದ ತೊಡಗಿ ಸ್ವಯಂಕಲಿಕೆಯವರೆಗೆ ಸಾಗುತ್ತಾರೆ. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆಯೆಂಬುದು ಪ್ರಗತಿಪಟದಲ್ಲಿ ಗುರುತಾಗುತ್ತದೆ. ಹಲವು ದಿನ ಬಾರದ ಮಗು ಮರಳಿ ಬಂದಾಗ ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮುಂದೆ ಈ ಪದ್ಧತಿಯು ರಾಜ್ಯದಾದ್ಯಂತ ವ್ಯಾಪಿಸಿತು. ಅದರ ಗುಣದೋಷಗಳ ಚರ್ಚೆ ಬೇರೆಯ ಮಾತು. ಹೋಲಿಸುವವರಿಗೆ ಬೇಕಾದುದು ಆ ಮೆಟ್ಟಿಲಿನ ಕಲ್ಪನೆ. ಜೂನ್ ತಿಂಗಳಲ್ಲಿ ಮಗು ಎಲ್ಲಿತ್ತು, ಮಾರ್ಚಿಯಲ್ಲಿ ಎಲ್ಲಿಗೆ ಬಂದಿತು ಎಂಬ ನಡಿಗೆಯ ದೂರವೇ ಪೇಟೆಗೂ ಹಾಡಿಗೂ ಸಮಾನವಾಗಿ ಸಲ್ಲುವ ಧರ್ಮ. ಆದಿಯನ್ನು ಗುರುತಿಸದೆ ಅಂತ್ಯವನ್ನು ಮಾತ್ರ ತೂಗಿದರೆ, ಬೆಟ್ಟದ ಮೇಲೆ ಹುಟ್ಟಿದವನನ್ನು ಬೆಟ್ಟ ಹತ್ತಿದವನೆಂದು ಹೊಗಳಿದಂತೆ.

ಈ ಅಳತೆಗೂ ಮಿತಿಗಳುಂಟು. ಆರಂಭದಲ್ಲೇ ಎತ್ತರದಲ್ಲಿರುವ ಮಗುವಿಗೆ ಏರಲು ಮೆಟ್ಟಿಲುಗಳು ಕಡಮೆ. ಪೇಟೆಯ ಸಮರ್ಥ ಉಪಾಧ್ಯಾಯರೊಬ್ಬರ ಪರಿಶ್ರಮ ಅದರಲ್ಲಿ ಮರೆಯಾದೀತು. ಹಾಡಿಯ ತಂದೆತಾಯಿಗಳು ಕಾಫಿ ಕುಯ್ಲಿನ ಕಾಲದಲ್ಲಿ ಕೊಡಗಿನ ತೋಟಗಳಿಗೆ ತೆರಳುವಾಗ ಮಕ್ಕಳನ್ನೂ ಕರೆದೊಯ್ಯುವುದುಂಟು. ಹಾಜರಿ ಪುಸ್ತಕವನ್ನು ನೋಡದೆ ಮೆಟ್ಟಿಲನ್ನು ಎಣಿಸಿದರೆ, ಆ ಗೈರುಹಾಜರಿಯೂ ಶಾಲೆಯ ತಪ್ಪೆಂದೇ ದಾಖಲಾಗುತ್ತದೆ. ೨೦೦೧ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟಿವೆ. ಅವುಗಳಲ್ಲಿ ಕುಳಿತ ಪೋಷಕರು ನೆರೆಯೂರಿನ ಶಾಲೆಯ ಅಂಕವನ್ನು ಕೇಳುವ ಮೊದಲು ತಮ್ಮ ಶಾಲೆಯ ಹಾಜರಿಯನ್ನೂ ಪ್ರಗತಿಪಟವನ್ನೂ ತರಿಸಿ ನೋಡಬಲ್ಲರು. ಅದಕ್ಕೆ ಪಾಂಡಿತ್ಯವೇನೂ ಬೇಕಿಲ್ಲ.

ಹೀಗೆ ನೋಡದೆ, ಹೆಸರು ಕೆಟ್ಟ ಶಾಲೆಯಿಂದ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸಿದರೆಂದರೆ ಉಳಿದವರ ಮನಸ್ಸೂ ಅಲುಗುತ್ತದೆ. ಮಕ್ಕಳ ಸಂಖ್ಯೆ ಕ್ಷೀಣಿಸಿದ ಶಾಲೆಯನ್ನು ಸಮೀಪದ ಶಾಲೆಯೊಡನೆ ವಿಲೀನಗೊಳಿಸುವ ಮಾತು ಆಮೇಲೆ ಏಳುತ್ತದೆ. ಕಿರಿಯ ತರಗತಿಗಳ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂಬುದು ಶಿಕ್ಷಣ ಹಕ್ಕಿನ ನಿಯಮಗಳ ಅಳತೆ. ಬಿಡಿಸಿಕೊಂಡು ಹೋಗಲು ಅನುಕೂಲವಿದ್ದವರು ಆ ವೇಳೆಗಾಗಲೇ ಹೋಗಿರುತ್ತಾರೆ. ಆನೆ ದಾಟುವ ಕಾಡಂಚಿನ ಹಾದಿಯಲ್ಲಿ ಅದಕ್ಕೂ ದೂರ ನಡೆಯಬೇಕಾಗಿ ಬರುವುದು ಉಳಿದ ಮಕ್ಕಳಿಗೆ.